ಮನೆಗೆ ಬೀಗ ಹಾಕಿ ಹೊರಟಾಗ: ಆರ್‌ಒ ಟ್ಯಾಂಕ್ ಒಣಗಿರಲಿ, ಮೆಂಬ್ರೇನ್ ಒದ್ದೆಯಿರಲಿ

ನಲ್ಲಿ ನೀರಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಕ್ಲೋರಿನ್ನನ್ನು ಆರ್‌ಒ (ನೀರು ಶುದ್ಧೀಕರಿಸುವ) ಯಂತ್ರದ ಕಾರ್ಬನ್ ಫಿಲ್ಟರ್ ಹೀರಿಬಿಡುತ್ತದೆ. ಬೋರ್‌ವೆಲ್ ನೀರಿನಲ್ಲಂತೂ ಅದು ಮೊದಲೇ ಇರುವುದಿಲ್ಲ. ಹಾಗಾಗಿ ಕಾರ್ಬನ್ ದಾಟಿ ಪೈಪು, ಮೆಂಬ್ರೇನ್ (ಉಪ್ಪು ತಡೆದು ನೀರು ಬಿಡುವ ಪೊರೆ), ಟ್ಯಾಂಕ್‌ಗಳಲ್ಲಿ ಕದಲದೆ ನಿಂತ ನೀರಿನಲ್ಲಿ ಎರಡು ದಿನಕ್ಕೇ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಬರಬರುತ್ತ ಲೋಳೆ ಕಟ್ಟುತ್ತದೆ. ಹಾಗೆಂದು ಎಲ್ಲವನ್ನೂ ಒಣಗಿಸುವಂತಿಲ್ಲ. ಒಮ್ಮೆ ನೆನೆದ ಮೆಂಬ್ರೇನ್ ಒಣಗಿದರೆ ನೀರು ಬಿಡುವ ಶಕ್ತಿ ಕುಗ್ಗುತ್ತದೆ. ಮತ್ತೆ ನೆನೆಸಿದರೂ ಮರಳದೆ ಇರಬಹುದು.

ಎಷ್ಟೇ ದಿನಕ್ಕೆ ಹೊರಟರೂ ಗೋಡೆಯ ಪ್ಲಗ್ ತೆಗೆದು, ಒಳಬರುವ ನೀರಿನ ವಾಲ್ವ್ ಮುಚ್ಚಿ. ಸೊಲೆನಾಯ್ಡ್ ವಾಲ್ವ್ (ಯಂತ್ರದೊಳಗೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಸೋರಿದರೆ ವೇಸ್ಟ್ ಪೈಪಿನಲ್ಲಿ ಹಗಲಿರುಳು ನೀರು ಹೋಗುತ್ತದೆ. ಕಾಲಿಂಚಿನ ಪೈಪು ಜಾಯಿಂಟಿನಿಂದ ಕಳಚಿದರಂತೂ ಅಡುಗೆಮನೆ ತುಂಬ ನೀರು.

ಎರಡು ಮೂರು ದಿನವಾದರೆ ಇಷ್ಟು ಸಾಕು. ಬಂದ ಮೇಲೆ ಒಂದು ಟ್ಯಾಂಕ್ ನೀರು ಚೆಲ್ಲಿ. ಒಂದೆರಡು ವಾರವಾದರೆ ಹೊರಡುವ ಮುನ್ನ ಟ್ಯಾಂಕ್ ಬಸಿದು, ನಲ್ಲಿಯ ಮಟ್ಟಕ್ಕಿಂತ ಕೆಳಗೆ ಉಳಿದ ನೀರನ್ನು ಶುಭ್ರ ಬಟ್ಟೆಯಿಂದ ಒರೆಸಿ. ಮೆಂಬ್ರೇನ್ ಮುಟ್ಟಬೇಡಿ, ಅದನ್ನು ಕೂರಿಸಿರುವ ಹೌಸಿಂಗ್ ಎಂಬ ಕವಚದೊಳಗೆ ಒದ್ದೆಯಾಗಿಯೇ ಇರುತ್ತದೆ. ಬಂದ ಮೇಲೆ ಎರಡು ಟ್ಯಾಂಕ್ ಚೆಲ್ಲಿ.

ತಿಂಗಳು ದಾಟುವುದಾದರೆ ಮೆಂಬ್ರೇನ್ ಹೊರಗೆ ತೆಗೆಯಬೇಕು. ಹೌಸಿಂಗ್ ಮುಚ್ಚಳ ತಿರುಗಿಸಿ ಬಿಚ್ಚಿ, ನಡುಗೊಳವೆಯನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆಯಿರಿ. 1 ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಆಹಾರ ದರ್ಜೆಯ ಸೋಡಿಯಂ ಮೆಟಾಬೈಸಲ್ಫೈಟ್ ತೂಗಿ ಕರಗಿಸಿ. ಘಾಟು ಜೋರು: ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಉಬ್ಬಸ ಇರುವವರು ದೂರವಿರಲಿ. ಮೆಂಬ್ರೇನನ್ನು ಅದರಲ್ಲಿ ಒಂದು ಗಂಟೆ ಮುಳುಗಿಸಿ, ಸ್ವಲ್ಪ ದ್ರಾವಣದ ಸಮೇತ ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಫ್ರಿಜ್ ಓಡುತ್ತಿದ್ದರೆ ಅದರಲ್ಲಿಡಿ, ಫ್ರೀಜರ್ ಮಾತ್ರ ಬೇಡ. ಗಾಳಿ ತಾಗಿ ದ್ರಾವಣದ ಕಸುವು ಇಳಿಯುವುದರಿಂದ ತಿಂಗಳಿಗೊಮ್ಮೆ ಬದಲಿಸುವವರು ಬೇಕು. ಅದಕ್ಕೆ ಜನವಿಲ್ಲದಿದ್ದರೆ, ಅಥವಾ ಮೆಂಬ್ರೇನ್ ಎರಡು ವರ್ಷ ಹಳೆಯದಾಗಿದ್ದರೆ ಈ ಶ್ರಮವೇ ಬೇಡ, ಬಂದು ಹೊಸದು ಹಾಕಿ. ಸೆಡಿಮೆಂಟ್ (ಕೆಸರು, ಮಣ್ಣು ತಡೆಯುವ), ಕಾರ್ಬನ್ ಫಿಲ್ಟರುಗಳನ್ನು ಉಳಿಸುವ ಆಸೆ ಬಿಡಿ.

ಮರಳಿದಾಗ ಹೊಸ ಕಾರ್ಬನ್ನಿನ ನೀರನ್ನು ಮೊದಲು ಹತ್ತು ನಿಮಿಷ ಬಕೆಟ್ಟಿಗೆ ಬಿಡಿ. ಅದರ ಕಪ್ಪು ಪುಡಿ ಮೆಂಬ್ರೇನಿಗೆ ಹೋಗಬಾರದು. 5 ಲೀಟರ್ ನೀರಿಗೆ 5 ಮಿಲಿ ಸುವಾಸನೆಯಿಲ್ಲದ ಬ್ಲೀಚ್ (ಶೇ. 5ರದ್ದು) ಬೆರೆಸಿ ಟ್ಯಾಂಕಿನಲ್ಲಿ ಅರ್ಧ ಗಂಟೆ ಬಿಟ್ಟು, ಮೂರು ಸಲ ತೊಳೆಯಿರಿ. ಮೆಂಬ್ರೇನಿಗೆ ಬ್ಲೀಚ್ ತಾಗಿದರೆ ಅದು ಕೆಟ್ಟಂತೆಯೇ. ಆಮೇಲೆ ಮೆಂಬ್ರೇನಿನ ಎರಡು ಸಣ್ಣ ಓ-ರಿಂಗ್ (ರಬ್ಬರ್ ಬಳೆ) ಇರುವ ತುದಿಯನ್ನು ಹೌಸಿಂಗ್ ಒಳಕ್ಕೆ ಒತ್ತಿ ಕೂರಿಸಿ, ಎರಡು ಟ್ಯಾಂಕ್ ಚೆಲ್ಲಿ.

ಮೊದಲ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಮೀಟರಿನಲ್ಲಿ ಹೆಚ್ಚು ತೋರಿದರೆ ಗಾಬರಿ ಬೇಡ, ನಿಂತಾಗ ಉಪ್ಪು ಮೆಂಬ್ರೇನಿನ ಆಚೆಗೆ ಜಿನುಗಿರುತ್ತದೆ. ಎರಡು ಟ್ಯಾಂಕ್ ಚೆಲ್ಲಿದ ಮೇಲೂ ಇಳಿಯದಿದ್ದರೆ ಓ-ರಿಂಗ್ ಸರಿಯಾಗಿ ಕೂತಿಲ್ಲ, ಇಲ್ಲವೇ ಮೆಂಬ್ರೇನ್ ಹೋಗಿದೆ. ಟಿಡಿಎಸ್ ಸರಿಯಿದ್ದೂ ಮುಗ್ಗಲು ವಾಸನೆ ಬಂದರೆ ಕುಡಿಯಬೇಡಿ, ಏಕೆಂದರೆ ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಪೋಸ್ಟ್ ಕಾರ್ಬನ್ (ಮೆಂಬ್ರೇನಿನ ನಂತರದ ಕಾರ್ಬನ್ ಫಿಲ್ಟರ್) ಬದಲಿಸಿ, ಟ್ಯಾಂಕನ್ನು ಮತ್ತೊಮ್ಮೆ ಬ್ಲೀಚಿನಲ್ಲಿ ತೊಳೆಯಿರಿ.