ಮರಗಟ್ಟಿದ ಎದೆಗೆ ತುಂಡುಬಟ್ಟೆಯ ಪಾಠ

ನನ್ನ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗಿರಾಕಿಗಳ ಅಳತೆ ಇಲ್ಲ. ಪ್ರತಿ ಹಾಳೆಯಲ್ಲೂ ಒಂದು ದುಂಡನೆಯ ಗೆರೆ, ಅದರ ಸುತ್ತ ಗಡಿಯಾರದ ಹಾಗೆ ಹನ್ನೆರಡು ಗುರುತು, ಅಲ್ಲಲ್ಲಿ ಪೆನ್ಸಿಲಿನಲ್ಲಿ ಹಾಕಿದ ಸರಿ, ತಪ್ಪು ಚಿಹ್ನೆಗಳು. ಅದು ನನ್ನ ಎಡ ಸ್ತನ. ಬದಿಯಡ್ಕ ಪೇಟೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಅಳೆಯದೆ ಯಾವುದನ್ನೂ ನಂಬಿ ಅಭ್ಯಾಸವಿಲ್ಲ.

ಒಂದೇ ಸ್ತನದಲ್ಲಿ ಎರಡು ಕಡೆ ಕ್ಯಾನ್ಸರ್ ಗಡ್ಡೆ ಇದ್ದುದರಿಂದ ಪೂರ್ತಿ ತೆಗೆಯಲೇಬೇಕಾಯಿತು. ಹೊಟ್ಟೆಯ ಕೊಬ್ಬು ಮತ್ತು ಚರ್ಮದಿಂದ ಅದೇ ದಿನ ಹೊಸದನ್ನು ಕಟ್ಟಬಹುದು ಎಂದರು. ಆಕಾರ, ಗಾತ್ರ, ಕಲೆ ಎಲ್ಲಿ ಬೀಳುತ್ತದೆ, ಎಲ್ಲವನ್ನೂ ವಿವರಿಸಿದರು. ಮುಟ್ಟಿದರೆ ಗೊತ್ತಾಗುತ್ತದೆಯೇ ಎಂಬ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನಾನೇ ಕೇಳಿದೆ. ಮೊದಲು ನೋಡಿದ ವೈದ್ಯರು, "ಜೀವ ಉಳಿಯುವುದು ಮುಖ್ಯ ಅಲ್ಲವೇ ಅಮ್ಮಾ, ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?" ಎಂದು ಫೈಲು ಮುಚ್ಚಿದರು. ನನಗೆ ಆಗ ನಲವತ್ತಾರು.

ನೆರೆಯವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗಲು ಹೇಳಿದ್ದರು. ಚಿಕಿತ್ಸೆಯ ಬಗ್ಗೆ ನನಗೆ ಸಂಶಯವಿರಲಿಲ್ಲ, ಭಾಷೆಯದೇ ಚಿಂತೆ. ಮಲಯಾಳದಲ್ಲಿ ಬಟ್ಟೆಯ ಲೆಕ್ಕ ಹೇಳಬಲ್ಲೆ, ಮೀನಿಗೆ ಚೌಕಾಶಿ ಮಾಡಬಲ್ಲೆ. ಆದರೆ 'ಮುಟ್ಟಿದ್ದು ತಿಳಿಯುವುದು' ಎಂಬುದನ್ನು ನಾಚಿಕೆಯಿಲ್ಲದೆ ಕೇಳಲು ನನಗಿರುವುದು ಕನ್ನಡವೊಂದೇ. ಹಾಗಾಗಿ ಕುಂಬಳೆ, ತಲಪಾಡಿ ದಾಟಿ ಮಂಗಳೂರಿನ ಬಸ್ಸು ಹಿಡಿದೆ.

ಅಲ್ಲಿನ ಪ್ಲಾಸ್ಟಿಕ್ ಸರ್ಜನ್ ನನ್ನ ಸ್ಕ್ಯಾನಿನ ಲಕೋಟೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಪಕ್ಕೆಲುಬುಗಳ ನಡುವಿನಿಂದ ಹೊರಡುವ ನರಗಳು ಕಂಕುಳಿನ ಕಡೆಯಿಂದಲೂ ಎದೆಮೂಳೆಯ ಅಂಚಿನಿಂದಲೂ ಮೇಲೆದ್ದು ಸ್ತನದ ಚರ್ಮಕ್ಕೆ ಬರುತ್ತವೆ. ಮೊಲೆತೊಟ್ಟಿಗೆ ಮುಖ್ಯವಾಗಿ ಬರುವುದು ನಾಲ್ಕನೆಯ ನರದ ಪಕ್ಕದ ಕವಲು. ಗ್ರಂಥಿಯನ್ನು ತೆಗೆಯುವಾಗ ಅದರೊಳಗೆ ಹಾದ ಕವಲುಗಳು ತುಂಡಾಗುತ್ತವೆ. ಗಡ್ಡೆ ದೂರದಲ್ಲಿದ್ದರೆ ಕೆಲವರಲ್ಲಿ ಆ ಕವಲನ್ನು ಹುಡುಕಿ ಉಳಿಸಬಹುದು. ನನ್ನದು ತೊಟ್ಟಿನ ಹತ್ತಿರವೇ ಇತ್ತು, ತೊಟ್ಟನ್ನೂ ಬಿಡಬೇಕಾಯಿತು. ಉಳಿದ ದಾರಿಯೆಂದರೆ, ಹೊಟ್ಟೆಯಿಂದ ತೆಗೆಯುವ ತುಂಡಿನ ಜೊತೆ ಅದರ ಸಣ್ಣ ನರವೊಂದನ್ನೂ ತಂದು, ಎದೆಮೂಳೆಯ ಪಕ್ಕ ಮೂರನೆಯ ಪಕ್ಕೆಲುಬಿನ ನರದ ತುದಿಗೆ ಹೊಲಿಯುವುದು. ರಕ್ತನಾಳಗಳನ್ನು ಜೋಡಿಸುವುದೂ ಅಲ್ಲೇ, ಅದೇ ಮೈಕ್ರೋಸ್ಕೋಪಿನ ಕೆಳಗೆ.

"ಕೂದಲಿಗಿಂತ ಸಣ್ಣ ದಾರ" ಎಂದರು. ಆ ದಾರವನ್ನು ನೋಡಬೇಕೆಂದು ನನಗೆ ಆಸೆಯಾಯಿತು, ಕೇಳಲಿಲ್ಲ.

"ಸರಿಯಾದ ನರ ಸಿಕ್ಕಿದರೆ ಜೋಡಿಸುತ್ತೇನೆ. ಮಾತು ಕೊಡುವುದಿಲ್ಲ. ಜೋಡಿಸಿದರೂ ನರ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಮೊದಲಿನಂತೆ ಆಗುತ್ತದೆ ಎಂದುಕೊಳ್ಳಬೇಡಿ" ಎಂದರು. ಈ ಮಾತಿಗೇ ಅವರನ್ನು ನಂಬಿದೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ, ನಾನು ನಿದ್ದೆಯಲ್ಲಿದ್ದೆ. ನರ ಸಿಕ್ಕಿತು, ಜೋಡಿಸಿದೆವು ಎಂದರು. ರೇಡಿಯೇಷನ್ ಬೇಕಾಗಲಿಲ್ಲ. ಅದು ಬೇಕಾದವರಿಗೆ ಚರ್ಮ ಬಿಗಿದು, ಸ್ಪರ್ಶ ಮರಳುವುದು ಇನ್ನಷ್ಟು ಕಷ್ಟವಂತೆ.

ಮನೆಗೆ ಬಂದ ಮೇಲೆ ತಿಳಿಯಿತು, ಎದೆ ಒಂದೇ ಅಲ್ಲ, ಮೈಯಲ್ಲಿ ಮೂರು ಕಡೆ ಜೋಮು. ತೋಳಿನ ಒಳಬದಿ ಕಂಕುಳಿನ ಹತ್ತಿರ ಒಂದು ಅಂಗೈಯಷ್ಟು. ಹೊಕ್ಕುಳ ಕೆಳಗೆ ಹೊಟ್ಟೆ. ಲಂಗದ ಲಾಡಿಯನ್ನು ಎಷ್ಟು ಬಿಗಿದಿದ್ದೇನೆ ಎಂಬುದು ಬಿಚ್ಚಿದಾಗ ಕೆಂಪು ಗೆರೆ ನೋಡಿಯೇ ಗೊತ್ತಾಗುತ್ತಿತ್ತು. ಮೂರನೆಯದು ಹೊಸ ಸ್ತನ. ಕೈಗೆ ಅದು ಸಿಗುತ್ತಿತ್ತು, ಅದಕ್ಕೆ ಕೈ ಸಿಗುತ್ತಿರಲಿಲ್ಲ.

ಗಾಯ ಪೂರ್ತಿ ಮಾಗಿದ ಮೇಲೆ ಫಿಸಿಯೊಥೆರಪಿಯವರು ಅಭ್ಯಾಸವೊಂದನ್ನು ಹೇಳಿಕೊಟ್ಟರು. ನರ ಬೆಳೆದು ಬಂದರೂ ಅದು ತರುವ ಸುದ್ದಿ ಮಿದುಳಿಗೆ ಮೊದಲು ಅರ್ಥವಾಗುವುದಿಲ್ಲ, ಅದನ್ನು ಹೊಸದಾಗಿ ಕಲಿಸಬೇಕು ಎಂದರು. ಹತ್ತಿಯುಂಡೆ, ಬ್ರಷ್ಷು ಸಾಕು ಎಂದಿದ್ದರು. ನನ್ನ ಅಂಗಡಿಯಲ್ಲಿ ತುಂಡುಬಟ್ಟೆಯ ಪೆಟ್ಟಿಗೆಯೇ ಇದೆಯಲ್ಲ! ಗೋಣಿ, ಜರಿ ಅಂಚು, ಖಾದಿ, ಕಾಸರಗೋಡು ಸೀರೆಯ ಸೆರಗಿನ ತುದಿ, ಲೈನಿಂಗ್ ಬಟ್ಟೆ, ವೆಲ್ವೆಟ್, ಸ್ಯಾಟಿನ್, ರೇಷ್ಮೆ. ಒರಟಿನಿಂದ ನಯಕ್ಕೆ ಸಾಲಾಗಿ ಒಂದು ದಾರದಲ್ಲಿ ಪೋಣಿಸಿದೆ.

ದಿನಕ್ಕೆ ಮೂರು ಸಲ, ಪ್ರತಿ ಸಲ ಐದು ನಿಮಿಷ. ಕನ್ನಡಿಯ ಮುಂದೆ ಕುಳಿತು ಮೊದಲು ಬಲ ಸ್ತನದ ಮೇಲೆ ಖಾದಿಯನ್ನು ಎಳೆಯುವುದು, ಹೇಗನ್ನಿಸುತ್ತದೆ ಎಂದು ಗಮನಿಸುವುದು. ಆಮೇಲೆ ಎಡಗಡೆ ಅದೇ ಜಾಗದಲ್ಲಿ, ಕಣ್ಣು ಬಿಟ್ಟು. ಮತ್ತೆ ಕಣ್ಣು ಮುಚ್ಚಿ. ಬಟ್ಟೆಯನ್ನು ಸುಮ್ಮನೆ ಒತ್ತಿ ಹಿಡಿಯುವುದಕ್ಕಿಂತ ಎಳೆದರೆ ಬೇಗ ತಿಳಿಯುತ್ತದೆ. ಟಿವಿ ನೋಡುತ್ತಾ ಮಾಡಿದ ದಿನ ಏನೂ ಉಪಯೋಗವಾಗಲಿಲ್ಲ.

ಕಂಕುಳಿನ ಹತ್ತಿರದ ಕಲೆಯದು ಇದರ ತದ್ವಿರುದ್ಧ ಕಥೆ. ಅಲ್ಲಿ ಜೋಮು ಇರಲಿಲ್ಲ, ಉರಿ ಇತ್ತು. ರವಿಕೆಯ ತೋಳಿನ ಹೊಲಿಗೆ ತಗುಲಿದರೆ ಕರೆಂಟು ಹೊಡೆದ ಹಾಗೆ. ಆ ಜಾಗಕ್ಕೆ ಸಾಲನ್ನು ತಿರುಗಿಸಿದೆ: ಮೊದಲು ರೇಷ್ಮೆ, ಅದು ಸಹ್ಯವಾದ ಮೇಲೆ ಲೈನಿಂಗ್, ಆಮೇಲೆ ಖಾದಿ, ಕೊನೆಗೆ ಸ್ನಾನದ ಟವೆಲ್ಲು. ಟವೆಲ್ಲಿಗೆ ಬರಲು ಎರಡು ತಿಂಗಳು ಹಿಡಿಯಿತು. ಈಗ ಈ ಚಿಕಿತ್ಸೆಯಾದವರಿಗೆ ರವಿಕೆ ಹೊಲಿಯುವಾಗ ಕಂಕುಳಿನ ಹೊಲಿಗೆಯ ಅಂಚನ್ನು ಮೆತ್ತನೆಯ ಹತ್ತಿಪಟ್ಟಿಯೊಳಗೆ ಮುಚ್ಚುತ್ತೇನೆ. ಅದಕ್ಕೆ ಹೆಚ್ಚು ಮಜೂರಿ ತೆಗೆದುಕೊಳ್ಳುವುದಿಲ್ಲ.

ಪರೀಕ್ಷೆ ಮಾಡುವವಳು ಅತ್ತಿಗೆ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳಿಂದ, ಎಳೆ ಬಾಗುವಷ್ಟೇ ಒತ್ತಿ ನೋಡುತ್ತಿದ್ದರು. ಅದನ್ನು ಕಂಡು ಕುಂಬಳೆಯಿಂದ ಮೀನು ಹಿಡಿಯುವ ನೈಲಾನ್ ದಾರವನ್ನು ಮೂರು ದಪ್ಪದಲ್ಲಿ ತರಿಸಿದೆ. ಆಸ್ಪತ್ರೆಯ ಲೆಕ್ಕಕ್ಕೆ ಅದು ಸಮನಲ್ಲ, ಆದರೆ ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸಲು ಸಾಕು. ನಾನು ಕಣ್ಣು ಮುಚ್ಚಿ ಗಂಟೆ ಹೇಳಬೇಕು, ಅತ್ತಿಗೆ ಬರೆದುಕೊಳ್ಳಬೇಕು. ಮೂರನೆಯ ತಿಂಗಳಲ್ಲಿ ಒಮ್ಮೆ ನಾನು ಬಹಳ ಖುಷಿಯಿಂದ, "ಎರಡು ಗಂಟೆ, ವೆಲ್ವೆಟ್" ಎಂದೆ. "ನಾನು ಇನ್ನೂ ಕೈಯನ್ನೇ ಎತ್ತಿಲ್ಲ ಮಾರಾಯ್ತಿ" ಎಂದಳು. ಇಬ್ಬರೂ ನಕ್ಕೆವು, ಆಮೇಲೆ ನಾನು ಸ್ವಲ್ಪ ಅತ್ತೆ. ಅಂದಿನಿಂದ ನಡುನಡುವೆ ಮುಟ್ಟದೆಯೂ ಕೇಳಬೇಕೆಂದು ನಿಯಮ ಮಾಡಿದೆವು.

ಐದನೆಯ ತಿಂಗಳಲ್ಲಿ ಎದೆಮೂಳೆಯ ಕಡೆಯಿಂದ ಇರುವೆ ಹರಿದಂತೆ ಅನ್ನಿಸಲು ತೊಡಗಿತು, ಆಗಾಗ ಕಿಡಿ ಹಾರಿದಂತೆ. ನರ ಬೆಳೆಯುವಾಗ ಹಾಗಾಗುತ್ತದೆ, ಹೆದರಬೇಡಿ ಎಂದರು. ಅಂಚುಗಳು ಮೊದಲು ಎಚ್ಚತ್ತವು, ನಡುವೆ ಕೂರಿಸಿದ್ದ ಹೊಟ್ಟೆಯ ಚರ್ಮದ ಬಿಲ್ಲೆ ಕೊನೆಗೆ.

ಹೀಗೆ ನಿಧಾನವಾಗಿ ಒಳ್ಳೆಯದಾಗುತ್ತಿರುವಾಗಲೇ ಎಡವಟ್ಟು ಮಾಡಿಕೊಂಡೆ. ಆಟಿ ತಿಂಗಳ ಮಳೆ, ಭುಜ ನೋವು. ಬಿಸಿನೀರಿನ ಚೀಲವನ್ನು ಭುಜಕ್ಕೆ ಇಟ್ಟು ಮಲಗಿದೆ. ನಿದ್ದೆಯಲ್ಲಿ ಅದು ಕೆಳಗೆ ಜಾರಿದೆ. ಬೆಳಿಗ್ಗೆ ಬಿಲ್ಲೆಯ ಮೇಲೆ ನಾಣ್ಯದಗಲ ಬೊಕ್ಕೆ, ನೋವೆಂಬುದೇ ಇಲ್ಲ. ಮಾಗಲು ಮೂರು ವಾರ ಬೇಕಾಯಿತು. ಸರ್ಜನ್ ಬೈದರು. ಕಟ್ಟಿದ ಸ್ತನ ಹೀಗೆ ಸುಟ್ಟುಕೊಂಡು ಬರುವವರು ಬೇರೆಯವರೂ ಇದ್ದಾರಂತೆ. ಬಿಸಿ ಮಾತ್ರವಲ್ಲ, ಐಸ್ ಕೂಡ ಅಪಾಯ. ಅಂದಿನಿಂದ ಹಂಡೆಯ ನೀರನ್ನು ಬಲಗೈಯಲ್ಲಿ ನೋಡದೆ ಮೈಗೆ ಸುರಿಯುವುದಿಲ್ಲ. ಅಭ್ಯಾಸಕ್ಕೆ ಎರಡು ಸ್ಟೀಲ್ ಲೋಟಗಳನ್ನೂ ಸೇರಿಸಿದೆ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನದು.

ಈಗ ಎರಡು ವರ್ಷ ಕಳೆದಿದೆ. ಒತ್ತಿದರೆ ಎಲ್ಲ ಕಡೆ ತಿಳಿಯುತ್ತದೆ. ಖಾದಿಗೂ ವೆಲ್ವೆಟ್ಟಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಸ್ಯಾಟಿನ್ನೂ ರೇಷ್ಮೆಯೂ ಇನ್ನೂ ಒಂದೇ. ನಾಲ್ಕು ಗಂಟೆಯಿಂದ ಆರರವರೆಗೆ ಖಾಲಿ. ಮೊದಲಿದ್ದ ಸುಖ ಬಂದಿಲ್ಲ. ಬರಲಿಕ್ಕಿಲ್ಲ ಎಂದು ಗಂಡನಿಗೂ ಹೇಳಿದ್ದೇನೆ. ಅವರು ಕತ್ತಲಲ್ಲಿ "ಇಲ್ಲಿ ಗೊತ್ತಾಗುತ್ತದಾ?" ಎಂದು ಕೇಳುತ್ತಾರೆ. ಕೇಳುವುದು ನನಗೆ ಇಷ್ಟ.

ಸೂಜಿಯ ವಿಷಯ ಬಿಟ್ಟುಹೋಯಿತು. ದಾರ ಪೋಣಿಸಿದ ಸೂಜಿಯನ್ನು ರವಿಕೆಯ ಎಡ ಎದೆಗೆ ಸಿಕ್ಕಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷ ಹಾಗೆ ಸಿಕ್ಕಿಸಿ, ಸಂಜೆ ಬಿಚ್ಚುವಾಗ ರಕ್ತದ ಚುಕ್ಕೆ ಕಂಡು ಗಾಬರಿಯಾಗಿದ್ದೆ. ಆಮೇಲೆ ಬಲಗಡೆಗೆ ಅಭ್ಯಾಸ ಮಾಡಿಕೊಂಡೆ. ಹದಿನಾಲ್ಕನೆಯ ತಿಂಗಳಲ್ಲಿ, ಮದುವೆಯ ಸೀಸನ್ನಿನ ಗಡಿಬಿಡಿಯಲ್ಲಿ, ಕೈ ಹಳೆಯ ಜಾಗಕ್ಕೇ ಹೋಯಿತು. ಚುಚ್ಚಿತು. "ಅಮ್ಮಾ!" ಎಂದೆ. ಅಳತೆ ಕೊಡುತ್ತಿದ್ದ ಹುಡುಗಿ ಬೆಚ್ಚಿದಳು. ಅವಳನ್ನು ಅಲ್ಲೇ ನಿಲ್ಲಿಸಿ, ಪುಸ್ತಕದ ಕೊನೆಯ ಹಾಳೆ ತೆಗೆದು, ಹತ್ತು ಗಂಟೆಯ ಗುರುತಿನ ಪಕ್ಕ ಬರೆದೆ: ಸೂಜಿ, ಸರಿ.