ಬಾಯಿಂದ ಬರೆದು, ಕಿವಿಯಿಂದ ತಿದ್ದಿ

ನಾನು ಬಾಗಲಕೋಟೆಯ ನವನಗರದವನು. ಹಗಲು ಮೆಡಿಕಲ್ ಅಂಗಡಿ, ಉಳಿದ ಹೊತ್ತು ಕತೆ. ಈಗ ಕೈಯಲ್ಲಿರೋದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಒಂದು ಮನೆತನದ ಕಾದಂಬರಿ. ಹಿಂದೆ ಹಾಳೆಯ ಮೇಲೆ ಬರೆದು, ಆಮೇಲೆ ಟೈಪ್ ಮಾಡಿಸುತ್ತಿದ್ದೆ. ಈಗ ಮೊದಲ ಕರಡು ಬಾಯಿಂದಲೇ ಆಗುತ್ತದೆ, ತಿದ್ದೋದು ಹೆಚ್ಚುಕಡಿಮೆ ಕಿವಿಯಿಂದ. ಬರೆಯೋ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ನಮ್ಮ ಕಡೆಯ ಕತೆಗಾರರಿಗೆ ಮಾತನ್ನು ಬರಹ ಮಾಡೋ, ಬರಹವನ್ನು ಓದಿ ಹೇಳೋ ಈ ಸಾಫ್ಟ್‌ವೇರ್‌ಗಳು ಅರ್ಧ ಕೆಲಸಕ್ಕೆ ಮಾತ್ರ ಬರುತ್ತವೆ. ಯಾವ ಅರ್ಧ ಅಂತ ಗೊತ್ತಿದ್ದರೆ ಬೇಗ ಬರೆಯಬಹುದು. ಗೊತ್ತಿಲ್ಲದಿದ್ದರೆ ತಿದ್ದೋದರಲ್ಲೇ ಸಾಕುಸಾಕಾಗುತ್ತದೆ. ನಿರೂಪಣೆಯನ್ನು ಫೋನಿಗೆ ಒಪ್ಪಿಸಿ, ಪಾತ್ರಗಳ ಮಾತನ್ನು ನಿಮ್ಮ ಬೆರಳಿಗೇ ಬಿಡಿ. ನನ್ನ ಪದ್ಧತಿಯ ಬುಡ ಇಷ್ಟೇ.

ಬೆಳಿಗ್ಗೆ ಸೆಕ್ಟರಿನ ರಸ್ತೆಗಳಲ್ಲಿ ನಡೆಯುತ್ತಾ ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಹೇಳುತ್ತಾ ಹೋಗುತ್ತೇನೆ. ಒಂದು ಸುತ್ತು ಮುಗಿಯೋ ಹೊತ್ತಿಗೆ ಒಂದು ದೃಶ್ಯದ ನಿರೂಪಣೆ ಬಂದಿರುತ್ತದೆ. ಎದುರಿಗೆ ಬಂದವರು ನಾನು ಫೋನಿನಲ್ಲಿ ಯಾರ ಜೊತೆಗೋ ಜಗಳಕ್ಕೆ ಬಿದ್ದಿದ್ದೇನೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಗಾಳಿ ಜೋರಾಗಿದ್ದರೆ ಮೈಕಿಗೆ ಕೈ ಅಡ್ಡ ಹಿಡಿಯಬೇಕು. ಹೋಳಿ ಹುಣ್ಣಿಮೆಯ ವಾರ ಮಾತ್ರ ಈ ಕೆಲಸ ಬಂದ್. ಬಾಗಲಕೋಟೆಯ ಹೋಳಿ ನಿಮಗೆ ಗೊತ್ತೇ ಇದೆ, ಹಲಗಿ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳೋದಿಲ್ಲ.

ಹೀಗೆ ಹೇಳಿ ಬರೆಸುವಾಗ ದೊಡ್ಡ ತೊಂದರೆ ಪೂರ್ಣವಿರಾಮ. ಕನ್ನಡದಲ್ಲಿ ಹೇಳುತ್ತಾ ಹೋದರೆ ನನ್ನ ಫೋನು ಚುಕ್ಕಿ ಹಾಕೋದೇ ಇಲ್ಲ. ಪುಟಗಟ್ಟಲೆ ಒಂದೇ ವಾಕ್ಯ. 'ಪೂರ್ಣವಿರಾಮ' ಅಂತ ಬಾಯಲ್ಲಿ ಹೇಳಿದರೆ ಆ ಪದವನ್ನೇ ಅಚ್ಚುಕಟ್ಟಾಗಿ ಬರೆದಿಡುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ ಅನಾನಸ್. ವಾಕ್ಯ ಮುಗಿದ ಕಡೆಯೆಲ್ಲ 'ಅನಾನಸ್' ಅನ್ನುತ್ತೇನೆ. 'ಶಾಂತವ್ವ ಕದ ತೆರೆದಳು ಅನಾನಸ್ ಒಳಗೆ ಕತ್ತಲು ಅನಾನಸ್.' ಆಮೇಲೆ ಕಂಪ್ಯೂಟರಿನಲ್ಲಿ ಅನಾನಸನ್ನು, ಅದರ ಹಿಂದಿನ ಖಾಲಿ ಜಾಗವನ್ನೂ ಸೇರಿಸಿ ಹುಡುಕಿ, ಎಲ್ಲವನ್ನೂ ಒಂದೇ ಏಟಿಗೆ ಚುಕ್ಕಿಯಾಗಿ ಬದಲಿಸುತ್ತೇನೆ. ಆ ಖಾಲಿ ಜಾಗ ಬಿಟ್ಟರೆ ಚುಕ್ಕಿ ಪದದಿಂದ ದೂರ ಹೋಗಿ ನಿಲ್ಲುತ್ತದೆ, ನೋಡಿಕೊಳ್ಳಿ. ಪದ ಆರಿಸುವಾಗ ಎರಡು ನೋಡಬೇಕು. ಫೋನು ಅದನ್ನು ಪ್ರತಿ ಸಲ ಒಂದೇ ಥರ ಬರೆಯಬೇಕು, ಮತ್ತು ಅದು ನಿಮ್ಮ ಕತೆಯಲ್ಲಿ ಬರಲೇಬಾರದು. ಬದನೆಕಾಯಿ ಅಂತ ಇಟ್ಟುಕೊಂಡರೆ ನಮ್ಮ ಕಡೆ ಕತೆ ನಡೆಯುತ್ತಾ? ಪ್ರತಿ ಊಟದಲ್ಲೂ ಎಣ್ಣೆಗಾಯಿ ಇರುತ್ತದೆ.

ಇನ್ನು ಮಾತುಕತೆ. ಇದನ್ನು ಹೇಳಿ ಬರೆಸೋದು ಆಗದ ಮಾತು. ನಮ್ಮ ಮಾತಿನ ಕ್ರಿಯಾಪದ ಬಂದ ಕೂಡಲೇ ಯಂತ್ರ ತಬ್ಬಿಬ್ಬಾಗುತ್ತದೆ. 'ಹೊಂಟೇನಿ' ಅಂದರೆ 'ಹೊಂಟೆ ನೀ' ಅಂತ ಒಡೆಯುತ್ತದೆ. 'ಹೋಗಾಕತ್ತಾನ' ಅಂದರೆ ಒಂದೊಂದು ಸಲ ಒಂದೊಂದು ರೂಪ. ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಪಡೆಯೋಣ ಅಂದರೆ ಅಲ್ಲೂ ಅದೇ ಕತೆ. ಮೇಲೆ ಬರೋ ಸಲಹೆಗಳೆಲ್ಲ ಪುಸ್ತಕದ ಕನ್ನಡದವು, ಕೈ ಜಾರಿ ಒಂದನ್ನು ಒತ್ತಿದರೆ ಶಾಂತವ್ವ ಮೇಷ್ಟ್ರ ಹಾಗೆ ಮಾತಾಡುತ್ತಾಳೆ. ಹಾಗಾಗಿ ಸಂಭಾಷಣೆಗೆ ನಾನು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಬಳಸುತ್ತೇನೆ, ನುಡಿ ತಂತ್ರಾಂಶದಲ್ಲಿ ಇರೋದು. ಅದು ಊಹೆ ಮಾಡೋದಿಲ್ಲ. ಒತ್ತಿದ ಅಕ್ಷರ ಒತ್ತಿದ ಹಾಗೆ ಬೀಳುತ್ತದೆ. ಎಫ್ ಕೀ ಒತ್ತಿದರೆ ಅರ್ಧಾಕ್ಷರ, ಮುಂದಿನ ವ್ಯಂಜನ ಅದಕ್ಕೆ ಒತ್ತಾಗಿ ಕೂರುತ್ತದೆ. ಕಲಿಯೋಕೆ ಕೆಲವು ವಾರ ಬೇಕು, ಆದರೆ ಆಡುಮಾತು ಬರೆಯೋರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನಡೆಯುವಾಗ ಮಾತುಕತೆಯ ಜಾಗ ಬಂದರೆ 'ಇಲ್ಲಿ ಅತ್ತೆ ಸೊಸೆ ಜಗಳ, ರೇಷನ್ ಕಾರ್ಡಿನ ಮೇಲೆ' ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಆ ಜಾಗಗಳನ್ನು ತುಂಬೋದು. ಪದೇಪದೇ ಬರೋ ಉದ್ದದ ಮಾತುಗಳಿಗೆ, ನಾನು ಕಂಪ್ಯೂಟರಿನಲ್ಲಿ ಬರೆಯೋಕೆ ಬಳಸೋ ಲಿಬ್ರೆ ಆಫೀಸಿನ ಆಟೋ ಕರೆಕ್ಟ್ ಪಟ್ಟಿಯಲ್ಲಿ ಗಿಡ್ಡ ರೂಪ ಹಾಕಿಟ್ಟಿದ್ದೇನೆ. 'ಮುಆ' ಅಂತ ಒತ್ತಿ ಸ್ಪೇಸ್ ಕೊಟ್ಟರೆ 'ಮುಳುಗಡೆ ಆಫೀಸು' ಬಂದು ಕೂರುತ್ತದೆ.

ಕರಡು ಮುಗಿಯೋವರೆಗೆ ತಿದ್ದೋದಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಜಾಸ್ತಿ ವಿವರಿಸೋದು ಬೇಡ.

ತಿದ್ದೋಕೆ ಕೂತಾಗ ಮೊದಲು ಮಾಡೋದು ಕೆಂಪು ಗೆರೆ ಎಳೆಯೋ ಸ್ಪೆಲ್ ಚೆಕ್ ಬಂದ್ ಮಾಡೋದು. ಕನ್ನಡದಲ್ಲಿ 'ಮನೆ' ಅನ್ನೋ ಒಂದೇ ಪದ ಮನೆಯವರಿಗೂ, ಮನೆಯೊಳಗಿಂದಲೇ, ಮನೆಗಾದರೂ ಅಂತ ಎಷ್ಟು ರೂಪ ತಾಳುತ್ತದೆ ಅಂತ ಲೆಕ್ಕ ಹಾಕಿದವರು ಯಾರು? ಪಟ್ಟಿ ನೋಡಿ ಕೆಲಸ ಮಾಡೋ ಸಾಧನಕ್ಕೆ ಅಷ್ಟೂ ಗೊತ್ತಿರೋದಿಲ್ಲ. ಪುಟ ತುಂಬಾ ಕೆಂಪು, ಅದರಲ್ಲಿ ನಿಜವಾದ ತಪ್ಪು ಎಲ್ಲೋ ಒಂದು. ಇನ್ನೂ ಕೆಟ್ಟದ್ದು ಅಂದರೆ ಹೇಳಿ ಬರೆಸಿದಾಗ ಆಗೋ ತಪ್ಪುಗಳೆಲ್ಲ ಸರಿಯಾದ ಪದಗಳೇ. ನಾವು ಹೊಳೆಗೆ ಹೊಳಿ ಅನ್ನುತ್ತೇವೆ. ನಿರೂಪಣೆ ಹೇಳುವಾಗಲೂ ಬಾಯಿಗೆ ಅದೇ ಬರುತ್ತದೆ. ಫೋನು ಅದನ್ನು ಹೋಳಿ ಅಂತ ಬರೆಯುತ್ತದೆ. 'ಅಜ್ಜ ಹೋಳಿಯ ದಂಡೆಯ ಮೇಲೆ ಕೂತಿದ್ದ' ಅನ್ನೋ ವಾಕ್ಯಕ್ಕೆ ಯಾವ ಸ್ಪೆಲ್ ಚೆಕ್ಕೂ ಗೆರೆ ಎಳೆಯೋದಿಲ್ಲ. ಹೊಳೆಯ ಸುತ್ತಲೇ ಸುತ್ತೋ ಕಾದಂಬರಿಯಲ್ಲಿ ಇದು ಎಷ್ಟು ಕಡೆ ಬರುತ್ತದೆ ಅಂತ ನೀವೇ ಊಹಿಸಿ. ಹಾಗಂತ ಎಲ್ಲಾ ಹೋಳಿಗಳನ್ನೂ ಹೊಳೆ ಮಾಡೋ ಹಾಗಿಲ್ಲ, ನಿಜವಾದ ಹೋಳಿಯ ಅಧ್ಯಾಯವೂ ಇದೆಯಲ್ಲ.

ಇಂಥವು ಕಣ್ಣಿಗೆ ಬೀಳೋದು ಕಷ್ಟ, ಕಿವಿಗೆ ಬೀಳುತ್ತವೆ. ಬರೆದವನ ಕಣ್ಣು ಇರೋದನ್ನು ಓದೋದಿಲ್ಲ, ಇರಬೇಕಾದದ್ದನ್ನು ಓದಿಕೊಂಡು ಹೋಗುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನ 'ಗಟ್ಟಿಯಾಗಿ ಓದು' ಸೌಲಭ್ಯದಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ. ಅಧ್ಯಾಯವನ್ನು ಪಿಡಿಎಫ್ ಮಾಡದೆ ಮಾಮೂಲಿ ಪಠ್ಯವಾಗಿ ಬ್ರೌಸರಿನಲ್ಲಿ ತೆರೆದು, ಸಪ್ನಾಳಿಂದ ಓದಿಸುತ್ತೇನೆ. ಕೈಯಲ್ಲಿ ಪೆನ್ನು, ಮುಂದೆ ಅದೇ ಅಧ್ಯಾಯದ ಪ್ರಿಂಟ್. ಕೇಳುತ್ತಾ ಅಂಚಿನಲ್ಲಿ ಗೀಟು ಹಾಕೋದಷ್ಟೇ, ನಿಲ್ಲಿಸಿ ತಿದ್ದೋಕೆ ಹೋಗೋದಿಲ್ಲ. ತಪ್ಪಾದ ಪದ ಮಾತ್ರ ಅಲ್ಲ, ಉಸಿರು ಕಟ್ಟೋ ವಾಕ್ಯ, ಒಂದೇ ಪುಟದಲ್ಲಿ ಮತ್ತೆ ಮತ್ತೆ ಬಂದ 'ಒಮ್ಮೆಲೇ', ಎರಡು ಸಲ ಹೇಳಿದ ವಿಷಯ ಎಲ್ಲಾ ಹೀಗೆ ಸಿಗುತ್ತವೆ. ಬಾಯಿಂದ ಬರೆದ ಗದ್ಯದಲ್ಲಿ ಹೇಳಿದ್ದನ್ನೇ ಹೇಳೋ ಚಟ ಜಾಸ್ತಿ. ನನ್ನ ಕರಡಿನಲ್ಲಿ ಕತ್ತರಿಗೆ ಹೋಗೋದರಲ್ಲಿ ಹೆಚ್ಚಿನದು ಅದೇ.

ಒಂದು ಸಲ ಸಪ್ನಾ ಓದುತ್ತಿರುವಾಗ ಅವ್ವ ಪಕ್ಕದಲ್ಲಿ ಕಾಳು ಆರಿಸುತ್ತಾ ಕೂತಿದ್ದಳು. ಸಂಭಾಷಣೆ ಬಂತು. ಸ್ವಲ್ಪ ಹೊತ್ತು ಕೇಳಿ, "ಯಾವೂರಾಕೀಪಾ ಈಕಿ? ಮಾತ ನಮ್ಮದ ಆಡ್ತಾಳ, ಖರೇ ನಮ್ಮಾಕಿ ಅನಸಂಗಿಲ್ಲ" ಅಂದಳು. ಸರಿಯಾಗೇ ಹೇಳಿದಳು. ಸಂಭಾಷಣೆಯ ಲಯ ತಿದ್ದೋಕೆ ಈ ದನಿಗಳನ್ನು ನಂಬಬೇಡಿ. ಅದನ್ನು ನಾನೇ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತೇನೆ, ಇಲ್ಲವೇ ಅವ್ವನಿಗೆ ಓದಿ ಹೇಳುತ್ತೇನೆ.

ಪಾತ್ರಗಳ ಮಾತನ್ನು ಬೇರೆ ಬೇರೆಯಾಗಿ ಕಾಪಾಡೋದಕ್ಕೆ ಮಾತ್ರ ಸಾಫ್ಟ್‌ವೇರ್ ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದೆ. ಕಾದಂಬರಿಯ ಅತ್ತೆ ಬಾಗಲಕೋಟೆಯವಳು, 'ಇದೆ' ಅನ್ನೋದಕ್ಕೆ 'ಐತಿ' ಅನ್ನುತ್ತಾಳೆ. ಸೊಸೆ ವಿಜಯಪುರದ ಕಡೆಯವಳು, 'ಅದ' ಅನ್ನುತ್ತಾಳೆ. ಬರೆಯೋ ಭರದಲ್ಲಿ ಇಬ್ಬರೂ ನನ್ನ ಹಾಗೇ ಮಾತಾಡಿಬಿಡುತ್ತಾರೆ. ಅದಕ್ಕೆ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಪ್ರತಿ ಮುಖ್ಯ ಪಾತ್ರಕ್ಕೂ ಒಂದು ಪ್ಯಾರಾಗ್ರಾಫ್ ಸ್ಟೈಲ್ ಮಾಡಿದ್ದೇನೆ. ನೋಡೋಕೆ ಎಲ್ಲಾ ಒಂದೇ ಥರ, ಹೆಸರು ಮಾತ್ರ ಬೇರೆ. ಪ್ರತಿ ಮಾತನ್ನೂ ಹೊಸ ಸಾಲಿನಲ್ಲಿ ಬರೆದು, ಯಾರದೋ ಅವರ ಸ್ಟೈಲ್ ಹಚ್ಚುತ್ತೇನೆ. ಕರಡು ಮುಗಿದ ಮೇಲೆ ಹುಡುಕೋ ಪೆಟ್ಟಿಗೆಯಲ್ಲಿ ಪ್ಯಾರಾಗ್ರಾಫ್ ಸ್ಟೈಲ್ ಅನ್ನೋದನ್ನು ಆರಿಸಿ, ಸೊಸೆಯ ಸ್ಟೈಲ್ ಕೊಟ್ಟು, 'ಎಲ್ಲ ಹುಡುಕು' ಒತ್ತಿದರೆ ಇಡೀ ಕಾದಂಬರಿಯಲ್ಲಿ ಅವಳು ಆಡಿದ ಮಾತೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಕಾಪಿ ಮಾಡಿ ಹೊಸ ಕಡತಕ್ಕೆ ಹಾಕಿ. ಮದುವೆಯಾಗಿ ಬಂದ ದಿನದಿಂದ ಮನೆ ಬಿಡೋ ದಿನದವರೆಗಿನ ಅವಳ ಮಾತು ಸಾಲಾಗಿ ನಿಮ್ಮ ಮುಂದಿರುತ್ತದೆ. ಅಲ್ಲಿ ಒಂದು 'ಐತಿ' ನುಸುಳಿದ್ದರೆ ಕಣ್ಣಿಗೆ ರಾಚುತ್ತದೆ. ಅಷ್ಟೇ ಅಲ್ಲ, ಅವಳು ವರ್ಷ ಕಳೆದ ಹಾಗೆ ಬದಲಾಗಿದ್ದಾಳೋ ಇಲ್ಲವೋ ಅಂತಲೂ ತಿಳಿಯುತ್ತದೆ. ನನ್ನ ಸೊಸೆ ಕೊನೆಕೊನೆಗೆ ಬೇಕಂತಲೇ ಒಂದೆರಡು ಕಡೆ 'ಐತಿ' ಅನ್ನುತ್ತಾಳೆ. ಆ ಯೋಚನೆ ನನಗೆ ಹೊಳೆದದ್ದು ಈ ಪಟ್ಟಿ ಓದುವಾಗ.

ಹೆಸರು ಬದಲಿಸುವಾಗ ಹುಷಾರು. ಗಂಗಾ ಅನ್ನೋಳನ್ನು ಶಾಂತಾ ಮಾಡೋಕೆ 'ಎಲ್ಲ ಬದಲಿಸು' ಒತ್ತಿದರೆ ಊಟದ ಗಂಗಾಳವೂ ಶಾಂತಾಳ ಆಗುತ್ತದೆ. 'ಗಂಗಾಳ ಕೈಯಲ್ಲಿ ಗಂಗಾಳವಿತ್ತು' ಅನ್ನೋದರಲ್ಲಿ ಯಾರು ಹೆಂಗಸು, ಯಾವುದು ತಾಟು ಅಂತ ಯಂತ್ರ ಹೇಗೆ ಹೇಳಬೇಕು? ಒಂದೊಂದಾಗಿ ನೋಡಿಯೇ ಬದಲಿಸಬೇಕು. ಹೊಸ ಹೆಸರಿನ ಕೊನೆಯೂ ಹಳೆಯದರ ಥರವೇ ಇದ್ದರೆ ಅರ್ಧ ಕೆಲಸ ಉಳಿಯುತ್ತದೆ. ಗಂಗಾಳಿಗೆ ಶಾಂತಾಳಿಗೆ ಆದರೆ ತೊಂದರೆ ಇಲ್ಲ, ಹೊಸ ಹೆಸರು ಶಾರದವ್ವ ಆದರೆ 'ಶಾರದವ್ವಳಿಗೆ' ಆಗುತ್ತದೆ, ಹಾಗೆ ನಮ್ಮಲ್ಲಿ ಯಾರೂ ಅನ್ನೋದಿಲ್ಲ. ಇಂಗ್ಲಿಷ್ ಪದಗಳ ಕತೆ ಇನ್ನೊಂದು. ಬಸ್‌ಸ್ಟ್ಯಾಂಡ್ ಅಂತ ಟೈಪ್ ಮಾಡಿದಾಗ ನಡುವೆ ಅಕ್ಷರ ಒತ್ತಾಗದ ಹಾಗೆ ತಡೆಯೋ, ಕಣ್ಣಿಗೆ ಕಾಣದ ಒಂದು ಯುನಿಕೋಡ್ (ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸೋ ಅಕ್ಷರ ಸಂಕೇತ ಪದ್ಧತಿ) ಚಿಹ್ನೆ ಇರುತ್ತದೆ, ಹೇಳಿ ಬರೆಸಿದಾಗ ಅಲ್ಲಿ ಖಾಲಿ ಜಾಗ ಇರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗೋದಿಲ್ಲ. ಎರಡನ್ನೂ ಹುಡುಕಿ ಒಂದೇ ರೂಪಕ್ಕೆ ತನ್ನಿ.

ಕಾಲದ ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಅಡ್ಡಕ್ಕೆ ಪಾತ್ರಗಳು, ಉದ್ದಕ್ಕೆ ಇಸವಿಗಳು, ಹುಟ್ಟಿದ ವರ್ಷ ಕೊಟ್ಟರೆ ವಯಸ್ಸು ತಾನೇ ಲೆಕ್ಕವಾಗುತ್ತದೆ. ಆಲಮಟ್ಟಿಗೆ ಅಡಿಗಲ್ಲು 1964ರಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಅದಕ್ಕಿಂತ ಹಿಂದಿನ ದೃಶ್ಯದಲ್ಲಿ ಡಿಸಿ ಆಫೀಸಿಗೆ ಹೋಗೋರು ಬಿಜಾಪುರದ ಬಸ್ ಹತ್ತಬೇಕು. ಬಿಜಾಪುರದ ಹೆಸರು ವಿಜಯಪುರ ಅಂತ ಆದದ್ದು 2014ರಲ್ಲಿ. ಅದಕ್ಕೆ ಹಳೆಯ ಅಧ್ಯಾಯಗಳಲ್ಲಿ 'ವಿಜಯಪುರ' ಅಂತ ಒಂದು ಸಲ ಹುಡುಕಿ ನೋಡೋದು ನನ್ನ ಪಟ್ಟಿಯಲ್ಲಿದೆ.

ಚಾಟ್ ಮಾಡೋ ಎಐ ಬಳಸ್ತೀಯಾ ಅಂತ ಕೇಳೋರೇ ಜಾಸ್ತಿ. ಬಳಸುತ್ತೇನೆ, ಬರೆಸೋಕಲ್ಲ. ಅಧ್ಯಾಯ ಕೊಟ್ಟು, 'ಇದನ್ನು ಓದಿದವನಿಗೆ ಏಳೋ ಪ್ರಶ್ನೆಗಳನ್ನು ಮಾತ್ರ ಕೇಳು, ಏನನ್ನೂ ತಿದ್ದಬೇಡ' ಅನ್ನುತ್ತೇನೆ. ಎತ್ತು ಮಾರಿದ ಮೇಲೆ ಹೊಲ ಉತ್ತದ್ದು ಹೇಗೆ ಅಂತ ಒಮ್ಮೆ ಕೇಳಿತು, ಒಳ್ಳೆ ಪ್ರಶ್ನೆ. ತಿದ್ದೋಕೆ ಬಿಟ್ಟರೆ ಅತ್ತೆಯ ಬೈಗುಳವನ್ನೆಲ್ಲ ನಯ ಮಾಡಿಬಿಡುತ್ತದೆ. ಹಳೇ ಊರಿನ ವಿಷಯವನ್ನೂ ಅದರ ಹತ್ತಿರ ಕೇಳೋದಿಲ್ಲ. ಯಾವ ಓಣಿಗೆ ಮೊದಲು ನೀರು ಬಂತು ಅನ್ನೋದನ್ನು ಅಲ್ಲಿ ಬಾಳಿದವರನ್ನೇ ಕೇಳಬೇಕು.

ಕೊನೆಗೆ ಪ್ರೆಸ್ಸು. ಹಸ್ತಪ್ರತಿ ಯುನಿಕೋಡಿನಲ್ಲಿರುತ್ತದೆ, ಪುಟ ಕಟ್ಟೋ ಹುಡುಗ "ಸರ, ನುಡಿ ಫಾಂಟಿನ್ಯಾಗ ಕೊಡ್ರಿ" ಅನ್ನುತ್ತಾನೆ, ಅಂದರೆ ಯುನಿಕೋಡ್ ಅಲ್ಲದ ಹಳೆಯ ಫಾಂಟು. ಪರಿವರ್ತಕಗಳಿವೆ, ಆದರೆ ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರ ಆದ ಮೇಲೆ ಬರೋ ಪ್ರತ್ಯೇಕ ಚಿಹ್ನೆ, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಬರೋ ರಕಾರ. ಬದಲಾಗುವಾಗ ಎಡವೋದು ಅಲ್ಲೇ, ಜೊತೆಗೆ ಆ ಕಾಣದ ಚಿಹ್ನೆ ಇದ್ದ ಕಡೆ. ಅದಕ್ಕೆ ಫೈಲಿನ ಜೊತೆ ಒಂದು ಪಿಡಿಎಫ್ ಕೊಡುತ್ತೇನೆ, ಕಾರ್ಯ, ಸೂರ್ಯ, ವರ್ಷದಂಥ ಪದಗಳಿರೋ ಪುಟಗಳಿಗೆ ಗುರುತು ಹಾಕಿ. ಪ್ರೂಫ್ ಬಂದಾಗ ಮೊದಲು ತೆರೆಯೋದು ಆ ಪುಟಗಳನ್ನೇ.