ಸರ್ವಿಸ್ ಒಡೆಯುವ ಮೊದಲು ಜನರನ್ನು ಎಣಿಸಿ

ಮೈಕ್ರೋಸರ್ವಿಸ್‌ಗೆ, ಅಂದರೆ ಒಂದು ಸಾಫ್ಟ್‌ವೇರನ್ನು ಬೇರೆಬೇರೆಯಾಗಿ ಓಡುವ ಸಣ್ಣ ಸರ್ವಿಸ್‌ಗಳಾಗಿ ಒಡೆಯುವ ವಿಧಾನಕ್ಕೆ, ಹೋಗೋಣವಾ ಅಂತ ಯೋಚಿಸುತ್ತಿರುವ ಸಣ್ಣ ತಂಡಗಳಿಗೆ ನನ್ನದೊಂದು ಸಲಹೆ. ಸಿಸ್ಟಮ್‌ನ ಡಬ್ಬ, ಬಾಣದ ಚಿತ್ರ ಆಮೇಲೆ ಬರೆಯಿರಿ. ರಾತ್ರಿ ಎರಡಕ್ಕೆ ಅಲರ್ಟ್ ಬಂದರೆ ಯಾವ ಸರ್ವಿಸ್‌ಗೆ ಯಾರು ಏಳಬೇಕು ಅನ್ನೋದನ್ನ ಮೊದಲು ಹೆಸರು ಸಮೇತ ಬರೆಯಿರಿ. ಒಬ್ಬರದೇ ಹೆಸರು ನಾಲ್ಕು ಕಡೆ ಬಂದರೆ ಒಡೆಯಲು ಇನ್ನೂ ಹೊತ್ತಿದೆ.

ಹಿಂದೆ ನಾನಿದ್ದ ಒಂದು ತಂಡದಲ್ಲಿ ಐದು ಜನ, ಹನ್ನೊಂದು ಸರ್ವಿಸ್. ಆರ್ಡರ್‌ಗೆ ಡಿಸ್ಕೌಂಟ್ ಅನ್ನೋ ಒಂದೇ ಒಂದು ಕಾಲಂ ಸೇರಿಸಲು ಮೂರು ರೆಪೊದಲ್ಲಿ (ಕೋಡ್ ಇಡುವ ಜಾಗ) ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆ ಸೇರಿಸಲು ಕೋರಿಕೆ. ಬಿಲ್ಲಿಂಗ್ ಸರ್ವಿಸ್ ಮೊದಲು ಡಿಪ್ಲಾಯ್ ಆಗಿ ಬಳಕೆಗೆ ಬಂದುಬಿಟ್ಟರೆ ಇನ್‌ವಾಯ್ಸ್‌ನಲ್ಲಿ ಸೊನ್ನೆ. ಮೊನೊಲಿತ್, ಅಂದರೆ ಎಲ್ಲ ಸೇರಿ ಒಂದೇ ಪ್ರೋಗ್ರಾಂ ಆಗಿದ್ದರೆ ಅದು ಊಟದ ಹೊತ್ತಿನೊಳಗೆ ಮುಗಿಯುವ ಕೆಲಸ, ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್.

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು: ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ, ಅವರು ಕಟ್ಟುವ ಸಿಸ್ಟಮ್‌ಗೂ ಅದೇ ಆಕಾರ ಬರುತ್ತದೆ. ನಮ್ಮ ಐದೂ ಜನ ಒಂದೇ ಮೇಜಿನಲ್ಲಿ ಕೂತು ಮಾತಾಡುತ್ತಿದ್ದೆವು. ಹನ್ನೊಂದು ಗೋಡೆ ನಿಂತದ್ದು ಕೋಡ್‌ನಲ್ಲಿ ಮಾತ್ರ.

ಅನುಭವದ ಪ್ರಶ್ನೆಯೂ ಇದೆ. ರಿಟ್ರೈ (ವಿಫಲವಾದ ಕರೆ ಮತ್ತೆ ಮಾಡುವುದು), ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ ಮಿತಿ), ಟ್ರೇಸಿಂಗ್ (ಒಂದು ಕರೆ ಯಾವ ಸರ್ವಿಸ್‌ಗಳ ಮೂಲಕ ಹೋಯಿತೆಂದು ಹಿಂಬಾಲಿಸುವುದು) ಇವನ್ನು ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಬಳಕೆಯಲ್ಲಿ, ನಿಭಾಯಿಸಿದವರು ಕನಿಷ್ಠ ಇಬ್ಬರಾದರೂ ಬೇಕು. ಒಬ್ಬರೇ ಇದ್ದರೆ ಅವರ ರಜೆಯೇ ನಿಮ್ಮ ಔಟೇಜ್, ಸೇವೆ ನಿಂತಂತೆ.

ಹಾಗಾಗಿ ಒಂದೇ ರೆಪೊ, ಒಳಗೆ ಮಾಡ್ಯೂಲ್‌ಗಳು. ಒಂದು ಮಾಡ್ಯೂಲ್‌ನ ಡೇಟಾಬೇಸ್ ಟೇಬಲ್‌ಗೆ ಇನ್ನೊಂದು ಮಾಡ್ಯೂಲ್ ಕೈ ಹಾಕಬಾರದು, ಈ ನಿಯಮ ಮಾತ್ರ ಬಿಡಬೇಡಿ. ಮೂರು ತಿಂಗಳ ಗಿಟ್ ಲಾಗ್ (ಕೋಡ್ ಬದಲಾವಣೆಗಳ ದಾಖಲೆ) ತೆಗೆದು ಯಾವ ಫೋಲ್ಡರ್‌ಗಳು ಸದಾ ಜೊತೆಗೇ ಬದಲಾಗುತ್ತವೆ ನೋಡಿ, ಅವನ್ನು ಬೇರ್ಪಡಿಸಬೇಡಿ. ಯಾವುದಾದರೂ ಮಾಡ್ಯೂಲ್‌ಗೆ ಅಂತಲೇ ಮೂರ್ನಾಲ್ಕು ಜನರ ತಂಡ ನಿಂತಾಗ ಅದನ್ನು ಬೇರೆ ಸರ್ವಿಸ್ ಆಗಿ ಹೊರಗೆ ತೆಗೆಯಿರಿ.